ವಕೀಲರ ನಾಲ್ಕು ನಿಮಿಷದ ಕನ್ನಡ

ವಕೀಲರು ತೀರಿಕೊಂಡ ಸುದ್ದಿಯನ್ನು ಅವರ ಹೆಂಡತಿಯೇ ಹುಬ್ಬಳ್ಳಿಯಿಂದ ಫೋನು ಮಾಡಿ ಹೇಳಿದರು. "ಕೊನೇವರ್ಗೂ ಮಾತಾಡ್ತಿದ್ರಾ?" ಎಂದು ಕೇಳಿಬಿಟ್ಟೆ.

"ಇಲ್ಲರೀ. ಕಡೀ ಎರಡ ದಿನ ಸುಮ್ಮನಿದ್ರು. ಅದಕ್ಕ ನಮಗ ಗೊತ್ತಾತು," ಎಂದರು ಆಕೆ.

ಇಬ್ಬರೂ ನಕ್ಕೆವು. ಆಮೇಲೆ ಆಕೆ ಅತ್ತರು. ನಾನು ಜರ್ಮನಿಯ ಡಾರ್ಮ್‌ಸ್ಟಾಟ್‌ನ ನಮ್ಮ ಅಡುಗೆಮನೆಯಲ್ಲಿ ಫೋನು ಹಿಡಿದು ನಿಂತಿದ್ದೆ. ಇಡುವ ಮೊದಲು ಆಕೆ, "ಅವ್ರು ಭಾಷಣಾ ಮಾಡಿದ್ರಲ್ಲ ಒಂದ ಊರಾಗ, ಅಲ್ಲಿ ಮಂದಿಗೂ ಒಂದ ಮಾತು ತಿಳಸ್ರಿ" ಎಂದರು. ತಿಳಿಸುತ್ತೇನೆ ಎಂದೆ. ಆ ಊರಿನ ಹೆಸರು ಕೇಳಿದರೆ ಇಪ್ಪತ್ತು ವರ್ಷದ ಮೇಲೂ ನನ್ನ ಕಿವಿ ಬಿಸಿಯಾಗುತ್ತದೆಂದು ಆಕೆಗೆ ಹೇಳಲಿಲ್ಲ.

ಜರ್ಮನಿಯವರು ಕಂಪ್ಯೂಟರ್ ಬಲ್ಲವರಿಗೆ ಐದು ವರ್ಷದ ಗ್ರೀನ್ ಕಾರ್ಡ್ ಕೊಟ್ಟು ಕರೆದ ಕಾಲ ಅದು. ನಮ್ಮ ಆಫೀಸಿನಲ್ಲಿ ಕನ್ನಡದವರು ಆರೇಳು ಜನ ಇದ್ದೆವು. ಎಲ್ಲರೂ ಇಪ್ಪತ್ತೈದು, ಮೂವತ್ತರ ಆಸುಪಾಸಿನವರು. ಅವರಲ್ಲಿ ಮದುವೆಯಾಗಿ ಎರಡು ಮಕ್ಕಳಿದ್ದವನು ಮೈಸೂರಿನವನಾದ ನಾನೊಬ್ಬ. ವಕೀಲರೊಬ್ಬರಿಗೆ ಮಾತ್ರ ನಲವತ್ತಾರು. ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ಹಳೆಯ ಕಾಲದ ದೊಡ್ಡ ಕಂಪ್ಯೂಟರುಗಳಿಗೆ ಕೋಬಾಲ್ ಭಾಷೆಯಲ್ಲಿ ಪ್ರೋಗ್ರಾಮು ಬರೆಯುತ್ತಿದ್ದವರು. ಜೊತೆಗೆ ಸಂಜೆ ಕಾಲೇಜಿನಲ್ಲಿ ಕಾನೂನು ಓದಿ, ಎರಡು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಳಿದಿದ್ದರು. ಆ ಎರಡು ವರ್ಷದಲ್ಲಿ ಅವರು ಎಷ್ಟು ಕೇಸು ಗೆದ್ದರೆಂದು ನಮಗೆ ತಿಳಿಯದು. ಕೇಳಿದರೆ, "ಪ್ರಶ್ನಿ ಅದಲ್ಲ" ಎನ್ನುತ್ತಿದ್ದರು.

ಅವರಿಗೆ ಯಾವ ಪ್ರಶ್ನೆಯೂ ಸರಿಯಾದ ಪ್ರಶ್ನೆಯಲ್ಲ. ಊಟ ಆಯ್ತಾ ಸಾರ್ ಎಂದರೆ, "ಪ್ರಶ್ನಿ ಅದಲ್ಲ. ಊಟ ಅಂದ್ರ ಏನು ಅನ್ನೂದು ಪ್ರಶ್ನಿ. ಈ ಕ್ಯಾಂಟೀನಿನ್ಯಾಗ ಬೇಯಿಸಿದ ಬಟಾಟಿಗೆ ಊಟ ಅಂತ ಹೆಸರಿಟ್ಟವ್ರು ಯಾರು?" ಎಂದು ಎದ್ದು ನಿಲ್ಲುವರು. ಮಾತಾಡುವಾಗ ಅವರಿಗೆ ನಿಲ್ಲಲೇಬೇಕು. ಎರಡೂ ಕೈಯ ಹೆಬ್ಬೆರಳು ಕೋಟಿನ ಅಂಚು ಹಿಡಿಯಬೇಕು. ಆ ಕಪ್ಪು ಕೋಟನ್ನು ಅವರು ಬೇಸಿಗೆಯಲ್ಲೂ ಬಿಡಲಿಲ್ಲ. ಆಫೀಸಿನಲ್ಲಿ ಆರು ಸಾಲಿನ ಪ್ರೋಗ್ರಾಮು ಬರೆದರೆ ಅದರ ಮೇಲೆ ಎರಡು ಪುಟ ವಿವರಣೆ ಬರೆಯುವರು. ಅದರಲ್ಲಿ ಈ ಲೆಕ್ಕವನ್ನು ಹೀಗೇ ಏಕೆ ಮಾಡಬೇಕು, ಬೇರೆ ರೀತಿ ಮಾಡುವವರ ವಾದದಲ್ಲಿ ದೋಷವೇನು ಎಂಬುದೆಲ್ಲ ಇರುತ್ತಿತ್ತು.

ಜರ್ಮನಿಯಲ್ಲಿ ಅವರಿಗೆ ತುಂಬ ಇಷ್ಟವಾದ ವಸ್ತು ಎಂದರೆ ವಿಡರ್‌ಶ್ಪ್ರುಖ್, ಅಂದರೆ ತಕರಾರು ಅರ್ಜಿ. ಸರ್ಕಾರದ ಯಾವ ಕಾಗದ ಬಂದರೂ ಅದರ ಕೊನೆಯಲ್ಲಿ, ಇದಕ್ಕೆ ಒಂದು ತಿಂಗಳೊಳಗೆ ತಕರಾರು ಸಲ್ಲಿಸಬಹುದು ಎಂದು ಬರೆದಿರುತ್ತದೆ. ನಾವೆಲ್ಲ ಓದದೆ ಬಿಡುತ್ತಿದ್ದ ಸಾಲು. ಇವರು ಆ ಸಾಲನ್ನೇ ಮೊದಲು ಓದುವರು. ಕಸದ ಡಬ್ಬಿಯ ಬಗ್ಗೆ ತಕರಾರು, ಟೀವಿ ಶುಲ್ಕದ ಬಗ್ಗೆ ತಕರಾರು. ಒಮ್ಮೆ ಟ್ರಾಮಿನಲ್ಲಿ ಟಿಕೆಟ್ಟಿಗೆ ಮುದ್ರೆ ಒತ್ತಿಸದೆ ಕೂತಿದ್ದರೆಂದು ಇನ್‌ಸ್ಪೆಕ್ಟರ್ ಹಿಡಿದ. ಮುದ್ರೆಯಿಲ್ಲದ ಟಿಕೆಟ್ಟು ಟಿಕೆಟ್ಟಲ್ಲ ಎಂಬುದು ಅವನ ವಾದ. ದುಡ್ಡು ಕೊಟ್ಟಾಗಲೇ ಒಪ್ಪಂದ ಮುಗಿಯಿತು, ಮುದ್ರೆ ಬರೀ ಅಲಂಕಾರ ಎಂಬುದು ಇವರ ವಾದ. ವಾದ ಮುಗಿಯುವಷ್ಟರಲ್ಲಿ ಟ್ರಾಮು ಕೊನೆಯ ನಿಲ್ದಾಣ ಮುಟ್ಟಿ, ಟಿಕೆಟ್ಟಿನ ವಲಯವೂ ದಾಟಿಹೋಗಿತ್ತು. ಆ ತಪ್ಪಿಗೂ ಸೇರಿಸಿ ದಂಡ ಹಾಕಿದ. ಇವರು ಮರುದಿನ ಗೆದ್ದವರ ಹಾಗೆ ಬಂದರು. "ಅವಾ ಬೆವತಾ ನೋಡ್ರಿ," ಎಂದರು.

ಇಂಥವರ ಕೈಗೆ ಒಂದು ಶನಿವಾರ ಫ್ಲೋಮಾರ್ಕ್ಟ್‌ನಲ್ಲಿ, ಅಂದರೆ ಹಳೇ ಸಾಮಾನಿನ ಸಂತೆಯಲ್ಲಿ, ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅಮೆರಿಕದಲ್ಲಿ ಅಚ್ಚಾದದ್ದು. ನೂರೈವತ್ತು ವರ್ಷದ ಹಿಂದೆ ಅಲ್ಲಿ ವಕೀಲನಾಗಿ, ಆಮೇಲೆ ರಾಜಕಾರಣಿಯಾಗಿ ಬಾಳಿದ ಒಬ್ಬನ ಚರಿತ್ರೆ. ಬರೆದವನು ಅವನ ಮೊಮ್ಮಗ, ಆದ್ದರಿಂದ ಪುಟಪುಟಕ್ಕೂ ಮಂಗಳಾರತಿ. ಮುಖಪುಟದ ಒಳಗೆ ಅವನ ಚಿತ್ರವಿತ್ತು. ಎದೆಯವರೆಗೆ ಇಳಿದ ಗಡ್ಡ, ಕಪ್ಪು ಕೋಟು, ಕೋಟಿನ ಅಂಚು ಹಿಡಿದ ಹೆಬ್ಬೆರಳು. ನಮ್ಮ ವಕೀಲರು ಅಲ್ಲೇ ಸಂತೆಯ ನಡುವೆ ನಿಂತು ಕನ್ನಡಿ ನೋಡಿಕೊಂಡಂತೆ ಅದನ್ನು ನೋಡಿದರು. ಎಲ್ಲಕ್ಕಿಂತ ದೊಡ್ಡ ಸಂಗತಿ, ಅವನು ಹುಟ್ಟಿದ್ದು ಡಾರ್ಮ್‌ಸ್ಟಾಟ್‌ನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ.

ಅಂದಿನಿಂದ ಅವನಿಗೆ ಗಡ್ಡಪ್ಪ ಎಂದು ಹೆಸರಾಯಿತು. ವಕೀಲರು ಗಡ್ಡಪ್ಪನ ಚರಿತ್ರೆಯನ್ನು ಕನ್ನಡಕ್ಕೆ ಮಾಡತೊಡಗಿದರು. ಮಾಡಿದಷ್ಟನ್ನು ಮಧ್ಯಾಹ್ನದ ಊಟದ ಹೊತ್ತಿಗೆ ನಮಗೆ ಓದುವರು. ಹತ್ತು ತಿಂಗಳು ನಾವು ಗಡ್ಡಪ್ಪನ ಜೊತೆ ಊಟ ಮಾಡಿದೆವು.

ಗಡ್ಡಪ್ಪ ಪೀಪಾಯಿ ಮಾಡುವವನ ಮಗ. ಕಾಲೇಜಿನಲ್ಲಿದ್ದಾಗ ರಾಜರ ವಿರುದ್ಧ ದಂಗೆಯೆದ್ದವರ ಜೊತೆ ಸೇರಿದ. ದಂಗೆ ಸೋತಿತು. ತಲೆ ಉಳಿಸಿಕೊಳ್ಳಲು ಹಡಗು ಹತ್ತಿ ಅಮೆರಿಕಕ್ಕೆ ಓಡಿದ. ಅಲ್ಲಿ ಅವನ ಭಾಷೆಗೆ ಜನ ನಕ್ಕರು. ಇವನ ಊರಿನವರು ತಿನ್ನುವ ಹುಳಿಹಿಡಿಸಿದ ಕ್ಯಾಬೇಜಿನ ನಾತಕ್ಕೆ ಮೂಗು ಮುಚ್ಚಿಕೊಂಡರು. ಕುದುರೆ ಲಾಯ ಗುಡಿಸಿದ, ಆಮೇಲೆ ಒಬ್ಬ ಮುದಿ ವಕೀಲನ ಆಫೀಸು ಗುಡಿಸಿದ. ಗುಡಿಸುತ್ತ ಗುಡಿಸುತ್ತ ಕಪಾಟಿನ ಕಾನೂನು ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ. ಹೆಂಡದಂಗಡಿಯ ಜಗಲಿಯಲ್ಲಿ ಕೂತ ನ್ಯಾಯಾಧೀಶರೊಬ್ಬರು ಹತ್ತು ಪ್ರಶ್ನೆ ಕೇಳಿ ಅವನನ್ನು ವಕೀಲನೆಂದು ಒಪ್ಪಿಕೊಂಡರು. ಮೊದಲ ಕೇಸು, ಪಕ್ಕದವನ ಜೋಳದ ಹೊಲಕ್ಕೆ ನುಗ್ಗಿದ ಹಂದಿಯದ್ದು. ಹಂದಿಯ ಪರ ವಾದಿಸಿ ಗೆದ್ದ. ಓಡಿಬಂದ ಗುಲಾಮನೊಬ್ಬನನ್ನು ಯಜಮಾನನಿಗೆ ಒಪ್ಪಿಸಬಾರದೆಂದು ಬಿಡಿಕಾಸೂ ಪಡೆಯದೆ ಹೋರಾಡಿದ. ರಾಜ್ಯದ ಸಭೆಗೆ ಹೋದ. ಒಂದು ಚುನಾವಣೆ ಸೋತ, ಮುಂದಿನದರಲ್ಲಿ ಗೆದ್ದು ವಾಷಿಂಗ್ಟನ್‌ಗೆ ಹೋದ.

ಕಥೆ ಚೆನ್ನಾಗಿಯೇ ಇತ್ತು. ಆದರೆ ವಕೀಲರು ಅದನ್ನು ಕಥೆಯಾಗಿ ಬಿಡಲಿಲ್ಲ, ನಮ್ಮ ಬೆನ್ನಿಗೆ ಕೋಲು ಮಾಡಿಕೊಂಡರು. ಬೆಂಗಳೂರಿನಿಂದ ಬಂದಿದ್ದ ಒಬ್ಬ ಹುಡುಗ ಭಾನುವಾರ ಹನ್ನೊಂದರವರೆಗೆ ಮಲಗಿದ್ದೆ ಎಂದರೆ, "ಗಡ್ಡಪ್ಪ ನಾಕಕ್ಕ ಏಳತಿದ್ದಾ." ನಾನು ಹೊಸ ಕಾರು ನೋಡಲು ಹೋದರೆ, "ಗಡ್ಡಪ್ಪ ಕೋರ್ಟಿಗೆ ಹನ್ನೆರಡ ಮೈಲಿ ನಡೀತಿದ್ದಾ." ನನ್ನ ಮನೆ ಮಾಲೀಕ ಒಗ್ಗರಣೆಯ ವಾಸನೆ ಎಂದು ದೂರಿದಾಗ ಮಾತ್ರ ಗಡ್ಡಪ್ಪ ನಮ್ಮ ಪರ ನಿಂತ. ವಕೀಲರು ಹುಳಿ ಕ್ಯಾಬೇಜಿನ ಪ್ರಸಂಗ ಸೇರಿಸಿ ಮೂರು ಪುಟದ ತಕರಾರು ಬರೆದು ಕೊಟ್ಟರು. ಮಾಲೀಕ ಅದಕ್ಕೆ ಉತ್ತರ ಕೊಡದೆ ಗಾಳಿ ಹೊರಹಾಕುವ ಯಂತ್ರ ಕೂಡಿಸಿದ.

"ಗುರು, ಈ ಗಡ್ಡಪ್ಪ ಯಾವಾಗ ಸಾಯ್ತಾನೆ?" ಎಂದು ಆ ಬೆಂಗಳೂರಿನ ಹುಡುಗ ನನ್ನ ಕಿವಿಯಲ್ಲಿ ಕೇಳಿದ ಒಂದು ದಿನ.

"ಇನ್ನೂ ನೂರಿಪ್ಪತ್ತು ಪುಟ ಇದೆ," ಎಂದೆ.

ವಕೀಲರ ಹೆಂಡತಿಗೂ ಸಾಕಾಗಿತ್ತು. ಅವರ ಮನೆಗೆ ಊಟಕ್ಕೆ ಹೋದಾಗ ರೊಟ್ಟಿ ಬಡಿಸುತ್ತ, "ನಾ ಇವರನ್ನ ಮದವಿ ಆದಾಗ ಅತ್ತಿ ಇರಲಿಲ್ಲ, ಆರಾಮ ಅಂದ್ಕೊಂಡಿದ್ದೆ. ಈಗ ಗಡ್ಡದ ಮಾವ ಬಂದು ಕುಂತಾನ," ಎಂದಿದ್ದರು.

ವಕೀಲರು ಅಷ್ಟಕ್ಕೇ ಬಿಡಲಿಲ್ಲ. ಗಡ್ಡಪ್ಪ ಹುಟ್ಟಿದ ಊರಿಗೆ ಹೋಗಿ ನೋಡಿಬಂದರು. ಅಲ್ಲಿ ಅವನ ಹೆಸರಿನ ಒಂದು ಓಣಿ, ಒಂದು ಫಲಕ, ಅಷ್ಟೇ. ಫಲಕದಲ್ಲಿ ಅವನು ಅಮೆರಿಕ ಮುಟ್ಟಿದ ವರ್ಷ ತಪ್ಪಾಗಿತ್ತು. ಕೂಡಲೇ ಪುರಸಭೆಗೆ ತಕರಾರು ಹೋಯಿತು. ಅವರ ಜೀವಮಾನದ ತಕರಾರುಗಳಲ್ಲಿ ಸಿಹಿಯಾದ ಉತ್ತರ ಬಂದದ್ದು ಅದಕ್ಕೊಂದಕ್ಕೇ. ಪುರಸಭೆಯ ಸಂಸ್ಕೃತಿ ವಿಭಾಗದಲ್ಲಿದ್ದ ಒಬ್ಬ ಹೆಂಗಸು, ನಮ್ಮೂರಿನ ಮಗನ ಚರಿತ್ರೆ ಭಾರತದ ಭಾಷೆಗೆ ಹೋಗುತ್ತಿದೆಯೆಂದು ಕೇಳಿ ನಮ್ಮ ಮೇಯರಿಗೆ ಬಹಳ ಸಂತೋಷವಾಗಿದೆ, ಶರತ್ಕಾಲದಲ್ಲಿ ಅವನ ಜನ್ಮದಿನದ ಸಮಾರಂಭವಿದೆ, ತಾವು ಬಂದು ಮಾತಾಡಬೇಕು ಎಂದು ಬರೆದಿದ್ದಳು.

ಆ ಕಾಗದವನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಸಿ ತಂದು ತೋರಿಸಿದರು. ಅಂದು ಅವರ ಹೆಬ್ಬೆರಳುಗಳು ಕೋಟು ಬಿಟ್ಟು ಇಳಿಯಲೇ ಇಲ್ಲ. ನನಗೆ ತಡೆಯಲಾಗಲಿಲ್ಲ. ಅವರು ಕಾಫಿ ತರಲು ಎದ್ದುಹೋದಾಗ ಪುಸ್ತಕ ತೆಗೆದು, ಅವರಿನ್ನೂ ಓದದ ಕೊನೆಯ ಪುಟಗಳನ್ನು ಮಗುಚತೊಡಗಿದೆ. ಇವನೇನಾದರೂ ಲಂಚ ತಿಂದಿದ್ದಾನೆಯೇ, ಎರಡನೇ ಸಂಸಾರ ಇಟ್ಟಿದ್ದಾನೆಯೇ ಎಂದು ನೋಡುವುದು ನನ್ನ ಉದ್ದೇಶ. ಸತ್ಯಶೋಧನೆಯಲ್ಲ, ಅವರ ಬಾಯಿ ಮುಚ್ಚಿಸುವುದು. ಸಿಕ್ಕಿದ್ದು ಬೇರೆ. ವಯಸ್ಸಾದ ಮೇಲೆ ಗಡ್ಡಪ್ಪ ವಾಷಿಂಗ್ಟನ್‌ನ ಸಭೆಯಲ್ಲಿ, ಚೀನಾದ ಕೂಲಿಗಳು ಇನ್ನು ಅಮೆರಿಕಕ್ಕೆ ಬರಕೂಡದೆಂಬ ಕಾನೂನಿನ ಪರವಾಗಿ ಕೈ ಎತ್ತಿದ್ದ. ಮೊಮ್ಮಗ ಅದನ್ನು ಅರ್ಧ ಸಾಲಿನಲ್ಲಿ ದಾಟಿಸಿದ್ದ.

ವಕೀಲರು ಬಂದು ಕೂತರು. ನಾನು ಗಟ್ಟಿಯಾಗಿ ಆ ಅರ್ಧ ಸಾಲು ಓದಿದೆ.

"ಸಾರ್, ನಿಮ್ಮ ಗಡ್ಡಪ್ಪ ತಾನು ಒಳಗೆ ಬಂದು, ಹಿಂದೆ ಬರೋರಿಗೆ ಚಿಲಕ ಹಾಕ್ಕೊಂಡಿದಾನಲ್ಲ?"

ಎಲ್ಲರೂ ನಕ್ಕರು. ಹತ್ತು ತಿಂಗಳ ಸಿಟ್ಟೆಲ್ಲ ಆ ನಗೆಯಲ್ಲಿತ್ತು. ವಕೀಲರು ಪುಸ್ತಕ ಇಸಿದುಕೊಂಡು ಎರಡು ಸಲ ಓದಿದರು. ಪ್ರಶ್ನಿ ಅದಲ್ಲ ಎನ್ನುತ್ತಾರೆಂದು ಕಾದೆವು. ಅನ್ನಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ರೊಟ್ಟಿ ಹಾಗೇ ಬಿಟ್ಟು ಎದ್ದುಹೋದರು.

ಆಮೇಲೆ ಎರಡು ವಾರ ಊಟದ ಹೊತ್ತಿಗೆ ಅವರು ಬರಲಿಲ್ಲ. ಟೆಕ್ನಿಕಲ್ ಯೂನಿವರ್ಸಿಟಿಯ ಲೈಬ್ರರಿಗೆ ಹೋಗುತ್ತಿದ್ದಾರೆಂದು ಗೊತ್ತಾಯಿತು. ಅಲ್ಲಿಂದ ಬೇರೆ ಊರಿನ ಲೈಬ್ರರಿಗೆ ಬರೆದು, ಆ ಕಾಲದ ವಾಷಿಂಗ್ಟನ್ ಸಭೆಯ ನಡಾವಳಿಯ ಪ್ರತಿ ತರಿಸಿಕೊಂಡರು. ಗಡ್ಡಪ್ಪ ಕೈ ಎತ್ತಿದ್ದಷ್ಟೇ ಅಲ್ಲ, ಮಾತೂ ಆಡಿದ್ದ. ಅದನ್ನು ನನಗೊಬ್ಬನಿಗೇ ಹೇಳಿದರು, ಟ್ರಾಮ್ ಸ್ಟಾಪಿನಲ್ಲಿ, ಕೂತುಕೊಂಡು.

"ಈ ಮಂದಿ ಇಲ್ಲಿ ಬೇರು ಬಿಡೂದಿಲ್ಲಂತ. ನಾಕ ವರ್ಷ ದುಡಿದು ರೊಕ್ಕಾ ಊರಿಗೆ ಕಳಸ್ತಾರಂತ. ತಮ್ಮದ ಅಡಗಿ, ತಮ್ಮದ ಭಾಷಾ, ತಮ್ಮದ ದೇವ್ರು ಹಿಡಕೊಂಡು ಕುಂಡರತಾರಂತ. ಕಡಿಮಿ ಪಗಾರಕ್ಕ ಕೆಲಸಾ ಮಾಡಿ ನಮ್ಮ ಮಂದಿ ಹೊಟ್ಟಿ ಮ್ಯಾಲೆ ಹೊಡೀತಾರಂತ. ಮೈಸೂರು ಸಾಹೇಬ್ರ, ಇದನ್ನ ಎಲ್ಲೆ ಕೇಳೀನಿ ನಾ?"

ಎಲ್ಲಿ ಕೇಳಿದ್ದರೆಂದು ಇಬ್ಬರಿಗೂ ಗೊತ್ತಿತ್ತು. ನಾವು ಬಂದ ವರ್ಷ ಇಲ್ಲಿನ ಚುನಾವಣೆಯ ಗೋಡೆಬರಹಗಳಲ್ಲಿ ನಮ್ಮ ಬಗ್ಗೆಯೇ ಓದಿದ್ದೆವು, ಬಸ್ಸಿನ ಹಿಂದಿನ ಸೀಟಿನಲ್ಲೂ ಕೇಳಿದ್ದೆವು.

ಇಷ್ಟರಲ್ಲಿ ಆಫೀಸಿನಲ್ಲಿ ಕೆಟ್ಟ ಗಾಳಿ ಬೀಸತೊಡಗಿತ್ತು. ಕಂಪ್ಯೂಟರ್ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ. ಕೋಬಾಲ್ ವಿಭಾಗ ತೆಗೆಯುತ್ತಾರೆಂದು ವಕೀಲರಿಗೆ ಮೂರು ತಿಂಗಳ ನೋಟಿಸು ಬಂತು. ಕೆಲಸ ಹೋದರೆ ಕಾರ್ಡಿಗೆ ಬೆಲೆಯಿಲ್ಲ. ಬೇರೆ ಕೆಲಸ ಸಿಗದಿದ್ದರೆ ಔಸ್‌ಲೆಂಡರ್‌ಬೆಹೋರ್ಡೆಯವರು, ಎಂದರೆ ಪರದೇಶಿಗಳ ಕಚೇರಿಯವರು, ವಿಮಾನದ ದಾರಿ ತೋರಿಸುತ್ತಾರೆ. ಉಳಿದವರಲ್ಲಿ ಯಾರನ್ನು ತೆಗೆಯಬೇಕೆಂಬ ಪಟ್ಟಿಯೂ ತಯಾರಾಗುತ್ತಿತ್ತು. ಪಟ್ಟಿ ಮಾಡುತ್ತಿದ್ದ ನಮ್ಮ ಬಾಸ್ ಮನೆ ಮಾಡಿದ್ದು ಅದೇ ಗಡ್ಡಪ್ಪನ ಊರಿನಲ್ಲಿ.

ಆ ಊರಿನ ಮೇಯರ್ ವಕೀಲರಿಗೆ ಫೋನಿನಲ್ಲಿ ಹೇಳಿದ್ದ: ನಮ್ಮೂರಿನಲ್ಲಿ ಯಂತ್ರ ಮಾಡುವ ಒಂದು ಕಾರ್ಖಾನೆಯಿದೆ, ಅವರಿಗೆ ಹಳೇ ಪ್ರೋಗ್ರಾಮು ಬಲ್ಲವರು ಬೇಕು, ಸಮಾರಂಭಕ್ಕೆ ಮ್ಯಾನೇಜರೂ ಬರುತ್ತಾನೆ, ಪರಿಚಯ ಮಾಡಿಸುತ್ತೇನೆ.

ನಾವೆಲ್ಲ ಸೇರಿ ವಕೀಲರಿಗೆ ಬುದ್ಧಿ ಹೇಳಿದೆವು. ನಾನೇ ಹೆಚ್ಚು ಹೇಳಿದೆ. "ಸಾರ್, ಆ ಚೀನಾದವರ ವಿಷಯ ಎತ್ತಬೇಡಿ. ಅವರ ಊರಿನ ಹಬ್ಬ ಅದು. ಮದುವೆ ಮನೇಲಿ ಗಂಡಿನ ಹಳೇ ಕೇಸು ತೆಗೀತಾರಾ?"

"ಆತು," ಎಂದರು. ಅಷ್ಟು ಸುಲಭವಾಗಿ ಅವರು ಏನನ್ನೂ ಒಪ್ಪಿದವರಲ್ಲ. ನನಗೆ ಸಂಶಯ ಬರಬೇಕಿತ್ತು.

ಭಾಷಣವನ್ನು ಜರ್ಮನ್‌ನಲ್ಲೇ ಬರೆದರು. ಊರಿನ ಸಂಜೆ ತರಗತಿಯಲ್ಲಿ ಕಲಿತ ಜರ್ಮನ್. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಇವರೂ ನಮ್ಮ ಕಡೆಯವರೇ, ಹಿಂದೆಂದೋ ದಾರಿ ತಪ್ಪಿ ಇತ್ತ ಬಂದಿದ್ದಾರೆ ಎಂಬುದು ಅವರ ಸಿದ್ಧಾಂತ. ಬರೆದದ್ದನ್ನು ಸಂಸ್ಕೃತಿ ವಿಭಾಗದ ಹೆಂಗಸು ತಿದ್ದಿ ಕಳಿಸಿದಳು. ನಾನೂ ಓದಿದೆ. ಪೀಪಾಯಿ, ಹಡಗು, ಹಂದಿ, ಗುಲಾಮ, ವಾಷಿಂಗ್ಟನ್, ನಮಸ್ಕಾರ. ಚೀನಾದವರು ಎಲ್ಲೂ ಇರಲಿಲ್ಲ. ಸಮಾಧಾನವಾಯಿತು. ಆ ಹೆಂಗಸು ಒಂದು ಆಸೆ ಸೇರಿಸಿದ್ದಳು: ಕೊನೆಯಲ್ಲಿ ನಾಲ್ಕೈದು ನಿಮಿಷ ನಿಮ್ಮ ತಾಯ್ನುಡಿಯಲ್ಲಿ ಮಾತಾಡಿ, ಅದರ ಇಂಪು ನಮ್ಮ ಜನ ಕೇಳಲಿ, ನಿಮ್ಮ ಸ್ನೇಹಿತರು ಅನುವಾದಿಸಲಿ. ಸ್ನೇಹಿತರು ಎಂದರೆ ನಾನು. ನನ್ನ ಜರ್ಮನ್ ಚೆನ್ನಾಗಿತ್ತು.

"ಕನ್ನಡದಲ್ಲಿ ಏನು ಹೇಳ್ತೀರಾ ಸಾರ್?"

"ಅಲ್ಲೇ ಹೇಳ್ತೀನಿ. ನೀವೂ ಅಲ್ಲೇ ಹೇಳ್ರಿ."

ಪುರಸಭೆಯ ಸಭಾಂಗಣದಲ್ಲಿ ನೂರು ಜನ ಇದ್ದರು, ಹೆಚ್ಚಿನವರು ಅರವತ್ತು ದಾಟಿದವರು. ಹಿತ್ತಾಳೆ ವಾದ್ಯದವರು ಬಾರಿಸಿದರು. ಮೇಯರ್ ಕೊರಳಿಗೆ ಸರಪಳಿ ಹಾಕಿಕೊಂಡು ಸ್ವಾಗತಿಸಿದ. ನಮ್ಮ ಬಾಸ್ ಎರಡನೇ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ. ವಕೀಲರು ಜರ್ಮನ್ ಭಾಷಣವನ್ನು ಬಾಯಿಪಾಠ ಒಪ್ಪಿಸಿದರು. ಹಂದಿಯ ಕೇಸಿಗೆ ಜನ ನಕ್ಕರು, ಗುಲಾಮನ ಕೇಸಿಗೆ ತಲೆದೂಗಿದರು. ನಾನು ಪಕ್ಕದಲ್ಲಿ ನಿಂತು, ಪರವಾಗಿಲ್ಲ, ಮನುಷ್ಯ ಮಾನ ಉಳಿಸಿದ ಎಂದುಕೊಳ್ಳುತ್ತಿದ್ದೆ. ಆಗ ಅವರು ಕಾಗದ ಮಡಚಿ ಜೇಬಿಗಿಟ್ಟರು. ಕೋಟಿನ ಅಂಚು ಹಿಡಿಯಲಿಲ್ಲ, ಕೈಗಳು ಕೆಳಗೇ ಇದ್ದವು. ಕನ್ನಡ ಶುರುವಾಯಿತು.

"ಹಿರಿಯರಿಗೆ ಶರಣು. ಇಲ್ಲೀತನಕಾ ಹೇಳಿದ್ದು ಖರೇ. ಆದ್ರ ಪೂರಾ ಅಲ್ಲ. ಈ ಗಡ್ಡಪ್ಪನ ವಕಾಲತ್ತು ನಾ ಹತ್ತ ತಿಂಗಳ ಮಾಡೀನಿ. ಕೇಳಿದವ್ರಿಗೆ ತಲೀ ಚಿಟ್ಟ ಹಿಡಿಸೀನಿ. ಈಗ ನನ್ನ ಕಕ್ಷಿದಾರ ನನ್ನ ಮುಂದ ಒಂದ ಸಂಗತಿ ಮುಚ್ಚಿಟ್ಟಿದ್ದಾ ಅಂತ ಗೊತ್ತಾಗೇತಿ. ಇವಾ ಬರಿಗೈಲೆ ಆ ದೇಶಕ್ಕ ಹೋದಾಗ ಒಬ್ಬ ಮುದುಕ ಬಾಗಲಾ ತಗದಾ. ಮುಂದ ಬಾಗಲಾ ಕಾಯೂ ಪಾಳಿ ಇವಗ ಬಂತು. ಹೊರಗ ಚೀನಾದ ಮಂದಿ ನಿಂತಿದ್ರು. ಇವರು ನಾರತಾರ, ಇವರ ಭಾಷಾ ತಿಳೀದಿಲ್ಲ, ಇವರು ನಮ್ಮವ್ರು ಆಗೂದಿಲ್ಲ ಅಂದಾ. ಇವಗ ಅಂದಿದ್ದ ಮಾತು ಅವರಿಗೆ ಅಂದಾ. ಬಾಗಲಾ ಹಾಕಿದಾ. ಕಕ್ಷಿದಾರ ಸುಳ್ಳ ಹೇಳಿದಾ ಅಂತ ವಕೀಲ ಅವನ್ನ ಬಿಟ್ಟು ಹೋಗಬಾರ್ದು. ಹಂಗಂತ ಜಡ್ಜ್ ಮುಂದ ಅವನ್ನ ಸಂತ ಅಂತನೂ ಹೇಳಬಾರ್ದು. ಅವನ ಓಣಿ ಇರಲಿ, ಫಲಕಾ ಇರಲಿ. ಫಲಕದ ಕೆಳಗ ಇನ್ನೊಂದ ಸಾಲು ಹಾಕ್ರಿ. ಇವಾ ಬಾಗಲಾ ದಾಟಿ ಬಂದಾ, ಬಂದು ಬಾಗಲಾ ಹಾಕಿದಾ. ನಾನೂ ನಿಮ್ಮ ಬಾಗಲದಾಗ ನಿಂತೀನಿ. ಅದಕ್ಕ ಹೇಳಿದೆ. ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ."

ಹೀಗೇ ಇನ್ನೂ ಸ್ವಲ್ಪ. ನಡುವೆ ಎಲ್ಲೂ ನಿಲ್ಲಿಸಿ ನನಗೆ ಅನುವಾದಕ್ಕೆ ಬಿಡಲಿಲ್ಲ. ಮುಗಿಸಿ ನನ್ನ ಕಡೆ ತಿರುಗಿದರು. ನೂರು ಜನ, ಮೇಯರ್, ಕಾರ್ಖಾನೆಯ ಮ್ಯಾನೇಜರ್, ಎರಡನೇ ಸಾಲಿನ ಬಾಸ್, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ ಅನ್ನಿಸಿತು.

ನಾನು ಜರ್ಮನ್‌ನಲ್ಲಿ ಹೇಳಿದ್ದು ಇಷ್ಟು: "ಈ ಊರಿನ ಪ್ರೀತಿಗೆ ಇವರು ಹೃದಯದಿಂದ ಋಣಿ. ಈ ಮಹಾನುಭಾವ ನಮ್ಮೆಲ್ಲರಿಗೂ ಬಾಗಿಲು ತೆರೆದವನು ಎನ್ನುತ್ತಾರೆ. ನಮ್ಮ ಎರಡು ದೇಶಗಳ ಸ್ನೇಹ ಬಾಳಲಿ ಎಂದು ಹಾರೈಸುತ್ತಾರೆ."

ಚಪ್ಪಾಳೆ ಬಿತ್ತು. ಹಿತ್ತಾಳೆ ವಾದ್ಯದವರು ಮತ್ತೆ ಬಾರಿಸಿದರು. ವಕೀಲರ ಜರ್ಮನ್ ಮಾತಾಡಲು ಕುಂಟುತ್ತಿತ್ತೇ ಹೊರತು ಕೇಳಲು ಅಲ್ಲ. ನಾನು ಹೇಳಿದ ಮೂರು ವಾಕ್ಯವೂ ಅವರಿಗೆ ತಿಳಿದಿತ್ತು. ನನ್ನನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಚಪ್ಪಾಳೆಗೆ ತಲೆಬಾಗಿದರು.

ಕಾಫಿ, ಕೇಕಿನ ಹೊತ್ತಿಗೆ ಒಬ್ಬ ಮುದುಕಿ ನನ್ನ ಹತ್ತಿರ ಬಂದಳು. "ಅವರು ಅಷ್ಟು ಹೊತ್ತು ಮಾತಾಡಿದರು, ನೀವು ಇಷ್ಟೇ ಹೇಳಿದಿರಿ. ನಿಮ್ಮ ಭಾಷೆ ಅಷ್ಟು ಉದ್ದವೇ?"

"ಹೌದು, ಬಹಳ ಉದ್ದ," ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೇ ಇದ್ದೆವು. ಗುಡ್ಡದ ದಾರಿ, ಸಂಜೆಯ ಬಿಸಿಲು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಸಾಕ್ಷಿ ಉಲ್ಟಾ ಹೊಡದ್ರ ವಕೀಲ ಸಿಟ್ಟಿಗೇಳಬಾರ್ದು," ಎಂದರು ಕಿಟಕಿಯ ಹೊರಗೆ ನೋಡುತ್ತ. "ಪಾಟೀಸವಾಲಿನ್ಯಾಗ ಹಿಡೀಬೇಕು. ಆದ್ರ ನನ್ನ ಪಾಳಿ ಮುಗದಿತ್ತು."

"ಸಾರ್, ನಿಮಗೆ ಸಿಗೋ ಕೆಲಸ ತಪ್ಪಿಹೋಗ್ತಿತ್ತು. ನನ್ನದೂ ಹೋಗ್ತಿತ್ತು. ಎರಡು ಮಕ್ಕಳಿದಾವೆ ನನಗೆ. ಪ್ರಶ್ನೆ ಅದಲ್ಲ ಅನ್ಬೇಡಿ."

"ಪ್ರಶ್ನಿ ಅದ ಐತಿ," ಎಂದರು. ಮೊದಲ ಸಲ ಅವರ ಬಾಯಲ್ಲಿ ಆ ಮಾತು ಕೇಳಿದೆ. ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದರು: "ನಾ ಏನ ದೊಡ್ಡ ಶೂರ? ಜರ್ಮನ್‌ನ್ಯಾಗ ಹೇಳೂ ಧೈರ್ಯ ಇದ್ರ ಅದನ್ನ ಜರ್ಮನ್‌ನ್ಯಾಗ ಬರೀತಿದ್ದೆ. ಕನ್ನಡದಾಗ ಹೇಳಿದ್ರ ಹೇಳಿಧಂಗೂ ಆತು, ಅಪಾಯ ನಿಮ್ಮ ಪಾಲಿಗೆ ಬಂತು. ಅರ್ಧಾ ಅಂಜುಬುರುಕ ನಾನು, ಅರ್ಧಾ ನೀವು. ಇಬ್ರೂ ಕೂಡಿ ಒಂದ ಪೂರಾ ಆದ್ವಿ."

ಡಾರ್ಮ್‌ಸ್ಟಾಟ್‌ನಲ್ಲಿ ಇಳಿದು ಇಬ್ಬರೂ ನಮ್ಮ ನಮ್ಮ ಟ್ರಾಮು ಹಿಡಿದೆವು.

ಮುಂದಿನದು ಇನ್ನೂ ನಾಚಿಕೆಗೇಡು. ಕಾರ್ಖಾನೆಯ ಮ್ಯಾನೇಜರ್ ಅವರನ್ನು ಕರೆಸಿದ. ಕೂತವನೇ, ಅವನು ಬಾಗಿಲು ತೆರೆದವನು ಎಂದಿರಲ್ಲ, ಬಹಳ ಸುಂದರ ಮಾತು ಎಂದನಂತೆ. ಈ ಸಲ ಪಕ್ಕದಲ್ಲಿ ನಾನಿರಲಿಲ್ಲ. ವಕೀಲರು ಎದ್ದುನಿಂತು, ತಮ್ಮ ಕುಂಟು ಜರ್ಮನ್‌ನಲ್ಲಿ, ಆ ಮಾತು ತನ್ನದಲ್ಲವೆಂದೂ, ಗಡ್ಡಪ್ಪ ಚೀನಾದವರಿಗೆ ಹೀಗೆ ಮಾಡಿದನೆಂದೂ ಮೊದಲಿಂದ ಕೊನೆಯವರೆಗೆ ಹೇಳಿದರಂತೆ. ಮ್ಯಾನೇಜರ್ ಪೂರ್ತಿ ಕೇಳಿ, "ಓಹೋ, ಕುತೂಹಲಕರ. ನಮ್ಮ ಹಳೇ ಪ್ರೋಗ್ರಾಮುಗಳನ್ನೆಲ್ಲ ಜಾವಾ ಎಂಬ ಹೊಸ ಭಾಷೆಗೆ ಬದಲಿಸಬೇಕು, ನಿಮಗೆ ಜಾವಾ ಬರುತ್ತದೆಯೇ?" ಎಂದು ಕೇಳಿದನಂತೆ. ಇವರಿಗೆ ಜಾವಾ ಬರುತ್ತಿರಲಿಲ್ಲ. ಆ ಕೆಲಸ ತಪ್ಪಿದ್ದು ಅದಕ್ಕೆ. ನಿಜ ಹೇಳಿದ್ದರಿಂದ ಅವರಿಗೆ ಕೂದಲಷ್ಟೂ ನಷ್ಟವಾಗಲಿಲ್ಲ.

ಪಟ್ಟಿ ಬಂದಾಗ ನನ್ನ ಹೆಸರು ಅದರಲ್ಲಿರಲಿಲ್ಲ. ನನ್ನ ಮೂರು ವಾಕ್ಯಗಳೇ ನನ್ನನ್ನು ಉಳಿಸಿದವೆಂದು ಬಹಳ ದಿನ ನಂಬಿದ್ದೆ. ಒಂದೆರಡು ವರ್ಷದ ಮೇಲೆ ಕ್ರಿಸ್‌ಮಸ್ ಪಾರ್ಟಿಯಲ್ಲಿ ಬಾಸ್‌ಗೆ ಆ ಸಮಾರಂಭದ ನೆನಪು ತೆಗೆದೆ. ಅವನು ವೈನಿನ ಲೋಟ ಎತ್ತಿ ನಕ್ಕು, "ದಯವಿಟ್ಟು ಯಾರಿಗೂ ಹೇಳಬೇಡ, ಅಂದು ನಾನು ಹಂದಿಯ ನಂತರ ನಿದ್ದೆಹೋಗಿದ್ದೆ," ಎಂದ.

ವಕೀಲರು ಊರಿಗೆ ಹೋದರು. ಪರದೇಶಿಗಳ ಕಚೇರಿಗೆ ಕೊನೆಯದಾಗಿ ಹನ್ನೊಂದು ಪುಟದ ತಕರಾರು ಕೊಟ್ಟೇ ಹೋದರು. ಅದಕ್ಕೆ ಉತ್ತರ ಬರುವ ಹೊತ್ತಿಗೆ ಅವರು ಹುಬ್ಬಳ್ಳಿಯ ಕೋರ್ಟಿನಲ್ಲಿ ಮತ್ತೆ ಕರಿ ಕೋಟು ಹಾಕಿಕೊಂಡಿದ್ದರು. ಅವರು ಹೊರಟ ದಿನ ಫ್ರಾಂಕ್‌ಫರ್ಟ್ ಏರ್‌ಪೋರ್ಟಿಗೆ ಬಿಡಲು ಹೋಗಿದ್ದೆ. ಕ್ಯೂನಲ್ಲಿ ಸಿಕ್ಕಿದ ಯಾರೋ ಕನ್ನಡದವರಿಗೆ ನನ್ನನ್ನು ಪರಿಚಯಿಸಿದರು. "ಇವ್ರು ನನ್ನ ಭಾಷಣಾ ಜರ್ಮನ್‌ಗೆ ಮಾಡಿದವ್ರು. ಭಾಳ ಸಣ್ಣದ ಮಾಡಿದ್ರು." ಅವರ ಹೆಂಡತಿ ಹಣೆ ಚಚ್ಚಿಕೊಂಡು, "ಮತ್ತ ಶುರು ಮಾಡಬ್ಯಾಡ್ರಿ, ವಿಮಾನ ಹೊಂಡತೈತಿ," ಎಂದರು. ಆಮೇಲೆ ವಕೀಲರು ವರ್ಷಕ್ಕೊಮ್ಮೆ ಯುಗಾದಿಗೆ ಫೋನು ಮಾಡುತ್ತಿದ್ದರು. ಗಡ್ಡಪ್ಪನ ಚರಿತ್ರೆಯನ್ನು ಪೂರ್ತಿ ಕನ್ನಡಕ್ಕೆ ಮಾಡಿದ್ದರು, ಆ ಅರ್ಧ ಸಾಲಿನ ಜಾಗದಲ್ಲಿ ನಲವತ್ತು ಪುಟ ಸೇರಿಸಿ. ಪ್ರಕಟಿಸುವವರು ಯಾರೂ ಸಿಗಲಿಲ್ಲ. ನಾನಂತೂ ಇಲ್ಲೇ ಉಳಿದೆ. ಮಕ್ಕಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಉತ್ತರಿಸುತ್ತ ಬೆಳೆದರು.

ಅವರು ತೀರಿಕೊಂಡ ಸುದ್ದಿಯನ್ನು, ಅವರ ಹೆಂಡತಿ ಹೇಳಿದಂತೆ, ಆ ಊರಿಗೆ ಬರೆದ ಮೇಲೆ ಒಂದು ವಾರಕ್ಕೆ ಉತ್ತರ ಬಂತು. ಸಂಸ್ಕೃತಿ ವಿಭಾಗದಲ್ಲಿದ್ದ ಅದೇ ಹೆಂಗಸು ಈಗ ನಿವೃತ್ತಳಾಗಿ, ಊರಿನ ಇತಿಹಾಸ ಸಂಘದ ವಾರ್ಷಿಕ ಸಂಚಿಕೆ ನೋಡಿಕೊಳ್ಳುತ್ತಾಳೆ. ಸಂಚಿಕೆಯಲ್ಲಿ ಶ್ರದ್ಧಾಂಜಲಿ ಹಾಕುತ್ತೇವೆ, ಅಂದಿನ ಸಮಾರಂಭದ ವಿಡಿಯೋ ನಮ್ಮಲ್ಲಿದೆ, ಅವರು ತಾಯ್ನುಡಿಯಲ್ಲಿ ಆಡಿದ್ದನ್ನು ಈಗ ಪೂರ್ತಿಯಾಗಿ ಅನುವಾದಿಸಿ ಕೊಡುವಿರಾ ಎಂದು ಕೇಳಿದ್ದಳು. ವಿಡಿಯೋವನ್ನೂ ಕಳಿಸಿದ್ದಳು.

ನೋಡಿದೆ. ಅವರು ನಾಲ್ಕು ನಿಮಿಷ ಮಾತಾಡಿದ್ದಾರೆ. ನಾನು ಇಪ್ಪತ್ತು ಸೆಕೆಂಡು. ಅವರು ತಿರುಗಿ ನನ್ನನ್ನು ನೋಡುವ ಜಾಗದಲ್ಲಿ, ನಾನು ಅವರನ್ನು ನೋಡದೆ ಎರಡನೇ ಸಾಲನ್ನು ನೋಡುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಮೂರು ಸಂಜೆ ಕೂತು ಒಂದೊಂದು ಮಾತನ್ನೂ ಜರ್ಮನ್‌ಗೆ ಮಾಡಿದೆ. ತಲೀ ಚಿಟ್ಟ ಹಿಡಿಸೀನಿ ಎಂಬುದಕ್ಕೆ ಸರಿಯಾದ ಜರ್ಮನ್ ಹುಡುಕಲು ಒಂದು ಗಂಟೆ ಹಿಡಿಯಿತು. ಅಂದು ನಾನು ಮಾಡಿದ್ದು ಅನುವಾದವಲ್ಲ, ಹೆದರಿ ಹೇಳಿದ ಸುಳ್ಳು ಎಂದು ಕೆಳಗೆ ಬರೆದು ಸಹಿ ಮಾಡಿ ಕಳಿಸಿದೆ.

ಉತ್ತರ ಬಹಳ ಮರ್ಯಾದೆಯದ್ದು. ಓದಿ ಮನಸ್ಸು ಕಲಕಿತು ಎಂದು ಬರೆದಿದ್ದಳು. ಆದರೆ ಸಂಪಾದಕ ಸಮಿತಿಯವರಿಗೆ ಇದು ಶ್ರದ್ಧಾಂಜಲಿಗೆ ಅಷ್ಟು ಹೊಂದುವುದಿಲ್ಲ ಅನ್ನಿಸಿತಂತೆ. ಜಾಗವೂ ಕಡಿಮೆಯಂತೆ. ಅದೃಷ್ಟಕ್ಕೆ ಅಂದಿನ ಅನುವಾದ ಪುರಸಭೆಯ ಕಡತದಲ್ಲಿತ್ತಂತೆ, ಚಿಕ್ಕದಾಗಿ ಚೊಕ್ಕವಾಗಿ.

ಕಳೆದ ವಾರ ಸಂಚಿಕೆ ಅಂಚೆಯಲ್ಲಿ ಬಂತು. ಒಂದು ಪುಟದಲ್ಲಿ ವಕೀಲರ ಫೋಟೋ ಇದೆ. ಅದರ ಕೆಳಗೆ, ಅವರ ಮಾತೆಂದು, ನನ್ನ ಮೂರು ವಾಕ್ಯಗಳಿವೆ. ಅದಕ್ಕೂ ಕೆಳಗೆ ಅನುವಾದಕನೆಂದು ನನ್ನ ಹೆಸರು ಹಾಕಿದ್ದಾರೆ. ಈ ದೇಶದಲ್ಲಿ ಇಷ್ಟು ವರ್ಷದಲ್ಲಿ ಮೊದಲ ಸಲ, ಒಂದಕ್ಷರವೂ ತಪ್ಪಿಲ್ಲದೆ.